ತೊಟ್ಟಿಲಿನ ಗುಂಡಪ್ಪ

ಗೋರ್ವಾ, ಬರೋಡಾ
೨೭ ನವೆಂಬರ್ ೧೯೬೬

ಅಕ್ಕನಿಗೆ ವೈದೇಹಿಯ ನಮಸ್ಕಾರಗಳು.

ಕ್ಷೇಮಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಕಲ್ಲಿನ ಸಮಾಚಾರ ಕೇಳು. ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ಪುಟ್ಟ ನಳಿನಿ ನಿನ್ನ ತೊಟ್ಟಿಲ ಗುಂಡುಕಲ್ಲನ್ನು, ಆ ಗುಂಡಪ್ಪನನ್ನು ಎತ್ತಿಕೊಳ್ಳಲು ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೆಡವಿದಳಲ್ಲ, ಆಗ ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಚಕ್ಕೆಯೊಂದು ಎದ್ದಿತ್ತು. ನೀನು ಗುಡಿಸಿ ಹಾಕಲು ಹೊರಟಿದ್ದೆ. ನಾನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. "ಕಲ್ಲು ಕಂಡ್ರ ಬಿಡೂದಿಲ್ಲ ಈ ಹುಡುಗಿ, ಇಕಿಗೆ ಕಲ್ಲಿನಂಥಾ ಗಂಡನ್ನ ಹುಡುಕ್ಬೇಕು" ಎಂದು ನಿಮ್ಮ ಅತ್ತೆಯವರು ನಕ್ಕಿದ್ದರು.

ಮ್ಯೂಸಿಯಂನಲ್ಲಿ ಆ ಚಕ್ಕೆಯನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ತಿಕ್ಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹೊಲದಲ್ಲಿ ಬಿದ್ದಿರುವ ಗುಂಡುಕಲ್ಲಿನ ಒಳಗೆ ಹೀಗಿರುವುದಿಲ್ಲ ಅಕ್ಕ. ಬೀಸಣಿಗೆ ಬಿಚ್ಚಿದಂಥ ಹರಳುಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿವೆ. ನಡುನಡುವೆ ಗಾಳಿಯಾಡಲು ಸಣ್ಣ ಸಣ್ಣ ದಾರಿಗಳಿವೆ. ಅದು ಚಿಪ್ಪು, ಮೊಟ್ಟೆಯ ಚಿಪ್ಪು. ಆ ಸುಣ್ಣಗಲ್ಲು ಆದ ಕಾಲದಲ್ಲಿ ಅಷ್ಟು ದೊಡ್ಡ ಮೊಟ್ಟೆ ಇಡುತ್ತಿದ್ದ ಪ್ರಾಣಿ ಡೈನೋಸಾರ್. ಮನುಷ್ಯ ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಅಳಿದುಹೋದ ದೈತ್ಯಪ್ರಾಣಿ. ಅದರ ಮೊಟ್ಟೆಗೆ ನೀನು ಕುಲಾವಿ ಕಟ್ಟಿ ಇಟ್ಟಿದ್ದೀ.

ನಮ್ಮ ವಿಭಾಗದ ಮುಖ್ಯಸ್ಥರಾದ ಪಟ್ಟಾಭಿರಾಮ ಸರ್ ನೋಡಿದರು. ಇಲ್ಲ ಎನ್ನಲಿಲ್ಲ, ಹೌದು ಎಂದೂ ಹೇಳಲಿಲ್ಲ. ಇಡೀ ಕಲ್ಲು ತಂದು ತೋರಿಸು, ಆಮೇಲೆ ಜನ ಕಳಿಸಿ ಅಗೆಸೋಣ ಎಂದರು. ಅವಸರ ಏಕೆಂದರೆ, ಭಾವ ಸ್ಟೇಶನ್ ಮಾಸ್ತರರಾಗಿದ್ದ ಆ ಗೋಧ್ರಾ ಲೈನಿನ ದಿಬ್ಬಗಳನ್ನು ಸಿಮೆಂಟಿನವರು ಒಂದೊಂದಾಗಿ ಸಿಡಿಸುತ್ತಿದ್ದಾರೆ. ಹೋಳಿ ಕಳೆದ ಮೇಲೆ ಉಳಿದವನ್ನೂ ಸಿಡಿಸುತ್ತಾರಂತೆ. ನೀನು ಕಲ್ಲು ಎತ್ತಿಕೊಂಡ ದಿಬ್ಬ ಯಾವುದು? ಕಲ್ಲನ್ನು ಭಾವನ ಕೈಯಲ್ಲಿ ಕಳಿಸು. ನೋಡಿಕೊಂಡು ಗಾಜಿನ ಕಪಾಟಿನಲ್ಲಿ ಜೋಪಾನವಾಗಿ ಇಡುತ್ತೇನೆ.

ನಾನು ಕ್ಷೇಮ. ಊಟದ ಡಬ್ಬಿಯ ಸಿಹಿ ಬೇಳೆಗೆ ನಾಲಿಗೆ ಇನ್ನೂ ಒಗ್ಗಿಲ್ಲ.

ವೈದೇಹಿ


ಮಣಿನಗರ, ಅಹಮದಾಬಾದ್
೫ ಡಿಸೆಂಬರ್ ೧೯೬೬

ಚಿರಂಜೀವಿ ವೈದೇಹಿಗೆ ಅಕ್ಕ ಇಂದಿರಾ ಮಾಡುವ ಆಶೀರ್ವಾದ.

ನಿನ್ನ ಪತ್ರ ಓದಿ ಇವರು ನಕ್ಕದ್ದೇ ನಕ್ಕದ್ದು. "ನಾವು ತಿಂದ ಇಡ್ಲಿಯೊಳಗ ಡೈನೋಸಾರ್ ಇತ್ತು ಅಂದಂಗಾತು. ಅದಕ್ಕ ಹಲ್ಲಿಗೆ ಕಟಕಟ ಅಂತಿತ್ತು" ಎಂದು ರೈಲ್ವೆ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ನಗಲಿ ಬಿಡು. ಧಾರವಾಡದಿಂದ ಸಾಮಾನು ಬರುವಾಗ ಗೂಡ್ಸಿನಲ್ಲಿ ಒರಳು ಉಳಿದು ಗುಂಡು ಒಡೆಯಿತು. ಈ ಸೀಮೆಯಲ್ಲಿ ಒರಳಿಗೆ ಗುಂಡು ಬೇಕು ಎಂದರೆ ನಮ್ಮ ಮುಖ ನೋಡುತ್ತಾರೆ. ಅದಕ್ಕೇ ದಿಬ್ಬದ ಕಲ್ಲು ತಂದದ್ದು. ಮೆತ್ತನೆಯ ಕಲ್ಲು, ಹಿಟ್ಟಿನಲ್ಲಿ ಮರಳು ಬಿಡುತ್ತಿತ್ತು. ರುಬ್ಬುವ ಕೆಲಸ ಬಿಡಿಸಿ ತೊಟ್ಟಿಲ ಕೆಲಸಕ್ಕೆ ಹಚ್ಚಿದೆ.

ನೀನು ಸೂಕ್ಷ್ಮದರ್ಶಕ ನೋಡುವವಳು, ನಮ್ಮ ಪದ್ಧತಿ ಮರೆತಿರಬಹುದು. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡಕಲ್ಲಿಗೆ ಅರಿಸಿನ ಹಚ್ಚಿ, ಕುಲಾವಿ ತೊಡಿಸಿ, ತೊಟ್ಟಿಲ ಕೆಳಗೊಮ್ಮೆ ಮೇಲೊಮ್ಮೆ ಕೈಯಿಂದ ಕೈಗೆ ದಾಟಿಸಿ ಮಲಗಿಸುತ್ತಾರೆ. ಗುಂಡಪ್ಪನ ಹಾಗೆ ಕೂಸು ಗಟ್ಟಿಯಾಗಲಿ ಎಂದು. ನನ್ನ ಮೊದಲನೆಯದಕ್ಕೆ ಗುಂಡಪ್ಪನೂ ಇರಲಿಲ್ಲ, ಹೆಸರಿಡುವ ದಿನವೂ ಬರಲಿಲ್ಲ. ಎಂಟನೆಯ ದಿನಕ್ಕೇ ಹೋಯಿತು. ನಳಿನಿಯ ಹೊತ್ತಿಗೆ ಈ ಕಲ್ಲು ಇತ್ತು. ನಳಿನಿ ಇದ್ದಾಳೆ. ನನಗೆ ಗೊತ್ತಿರುವ ವಿಜ್ಞಾನ ಅಷ್ಟೇ.

ಕಲ್ಲು ಕೊಡಲು ಅತ್ತೆಯವರು ಒಪ್ಪುವುದಿಲ್ಲ. ನಳಿನಿಯೂ ಬಿಡುವುದಿಲ್ಲ, ಅದನ್ನು "ಮಾರೋ ಭಾಯ್" ಎನ್ನುತ್ತಾಳೆ. ಅವಳ ತೊಟ್ಟಿಲಲ್ಲಿ ಅವಳಿಗಿಂತ ಮೊದಲು ಮಲಗಿದವನು, ಅಣ್ಣನೇ ತಾನೆ. ಕನ್ನಡದಲ್ಲಿ ಅಣ್ಣ ಅನ್ನು ಎಂದರೆ ಕೇಳುವುದಿಲ್ಲ.

ಇನ್ನೊಂದು ಮಾತು. ಇಷ್ಟಗಲ ಚಕ್ಕೆಯನ್ನು ನೋಡುವುದಕ್ಕೇ ತಿಕ್ಕಿ ತಿಕ್ಕಿ ಕಾಗದ ಮಾಡಿದ್ದೀ. ಇಡೀ ಕಲ್ಲನ್ನು ಹೇಗೆ ನೋಡುತ್ತೀ? ನೆಟ್ಟಗೆ ಬರೆ.

ಇಂದಿರಾ


ಬರೋಡಾ
೧೧ ಡಿಸೆಂಬರ್ ೧೯೬೬

ಅಕ್ಕನಿಗೆ ನಮಸ್ಕಾರ.

ನೆಟ್ಟಗೇ ಬರೆಯುತ್ತೇನೆ. ಕೊಯ್ಯಬೇಕು. ಗರಗಸದಲ್ಲಿ ನಡುವೆ ಎರಡು ಹೋಳು ಮಾಡಿದರೆ ಮಾತ್ರ ಚಿಪ್ಪು ಸುತ್ತಲೂ ಇದೆಯೋ, ಒಂದು ಕಡೆ ಅಂಟಿಕೊಂಡದ್ದೋ ತಿಳಿಯುತ್ತದೆ. ಮೊದಲೇ ಹೀಗೆ ಬರೆದಿದ್ದರೆ ನೀನು ಅಲ್ಲಿಗೇ ಕಾಗದ ಮಡಚುತ್ತಿದ್ದೆ.

ಈಗ ನನ್ನ ಮಾತನ್ನೂ ಕೇಳು. ಈ ಮ್ಯೂಸಿಯಂನಲ್ಲಿ ಮೂರು ವರ್ಷದಿಂದ ಬೇರೆಯವರು ತಂದ ಎಲುಬು, ಶಂಖಗಳ ಧೂಳು ತೆಗೆಯುತ್ತಿದ್ದೇನೆ. ಹುಡುಗಿಯನ್ನು ಗುಡ್ಡಕ್ಕೆ ಹೇಗೆ ಕಳಿಸುವುದು ಎಂದು ಪ್ರತಿ ಸಲ ಬಿಟ್ಟು ಹೋಗುತ್ತಾರೆ. ಮೊದಲ ಬಾರಿ ನನ್ನ ಕಣ್ಣಿಗೇ ಒಂದು ಬಿದ್ದಿದೆ. ಅದೂ ನನ್ನ ಅಕ್ಕನ ಅಟ್ಟದ ಮೇಲೆ. ಆ ದಿಬ್ಬ ಸಿಮೆಂಟಾಗಿ ಯಾರದೋ ಮನೆಯ ಗಚ್ಚಾದ ಮೇಲೆ ನಾನು ಹೇಳಿದರೆ ಯಾರು ನಂಬುತ್ತಾರೆ?

ಗುಂಡಪ್ಪ ಬೇಕೇ ಬೇಕು ಎಂದರೆ ಧಾರವಾಡದಿಂದ ಕರೀಕಲ್ಲಿನ ಗುಂಡು ತರಿಸಿಕೊಡುತ್ತೇನೆ. ಸಿಟ್ಟಾಗಬೇಡ ಅಕ್ಕ, ನಳಿನಿ ತೊಟ್ಟಿಲು ಬಿಟ್ಟು ಎಷ್ಟು ಕಾಲವಾಯಿತು? ಅಟ್ಟದಲ್ಲಿ ಕೂತ ಕಲ್ಲು ಇನ್ನು ಯಾರನ್ನು ಕಾಯುತ್ತಿದೆ? ಓದಿದ ನೀನೂ ಅತ್ತೆಯವರ ಮೂಢನಂಬಿಕೆಗೆ ತಲೆಯಾಡಿಸಿದರೆ ಹೇಗೆ? ಬೇಕಾದರೆ ಅವರಿಗೆ ನಾನೇ ಬರೆಯುತ್ತೇನೆ. ಕಲ್ಲು ಆಗದಿದ್ದರೆ ದಿಬ್ಬ ಯಾವುದು ಎಂದಾದರೂ ಹೇಳು.

ವೈದೇಹಿ


ಅಹಮದಾಬಾದ್
೧೬ ಜನವರಿ ೧೯೬೭

ಚಿ. ವೈದೇಹಿಗೆ ಆಶೀರ್ವಾದ.

ಎಳ್ಳು ಬೆಲ್ಲ ಕಳಿಸಿದ್ದೇನೆ, ತಿಂದು ಒಳ್ಳೆಯ ಮಾತಾಡು. ಇಲ್ಲಿ ಊರೆಲ್ಲ ಗಾಳಿಪಟ. ನಳಿನಿಯ ಬೆರಳು ಮಾಂಜಾ ದಾರಕ್ಕೆ ಕೊಯ್ದಿದೆ.

ಅತ್ತೆಯವರಿಗೆ ನೀನೇನೂ ಬರೆಯಬೇಡ. ದಿಬ್ಬ ಯಾವುದೆಂದು ನನಗೆ ನೆನಪಿಲ್ಲ.

ಅವ್ವನ ಮೈಯಲ್ಲಿ ಅಷ್ಟು ಚೆನ್ನಾಗಿಲ್ಲವಂತೆ. ಫೆಬ್ರವರಿ ಹತ್ತೊಂಬತ್ತರ ಬೆಳಗಿನ ಗಾಡಿಗೆ ಸೂರತ್ತಿಗೆ, ಕೇಶವಣ್ಣನ ಮನೆಗೆ ಹೋಗುತ್ತೇನೆ. ಗಾಡಿ ಬರೋಡಾದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮನಸ್ಸಿದ್ದರೆ ಸ್ಟೇಶನ್ನಿಗೆ ಬಾ.

ಇಂದಿರಾ


ಬರೋಡಾ
೨೦ ಫೆಬ್ರವರಿ ೧೯೬೭

ಅಕ್ಕ,

ನಿನ್ನೆ ಗಾಡಿ ಹೊರಟ ಮೇಲೆ ಪ್ಲಾಟ್‌ಫಾರ್ಮಿನಲ್ಲೇ ಕೂತುಬಿಟ್ಟೆ. ಅವ್ವನಿಗೆ ಮೈಯಲ್ಲಿ ಚೆನ್ನಾಗಿಲ್ಲ ಎಂದು ನೀನು ಬರೆದಿದ್ದೆ. ನಳಿನಿಗೆ ನೀರು ಕೊಡಲು ನೀನು ಶಾಲು ಸರಿಸಿದೆ, ಆಗ ನಿನ್ನ ತುಂಬಿದ ಹೊಟ್ಟೆ ಕಂಡು ಗೊತ್ತಾಯಿತು. ಮಡಿಲಲ್ಲಿ ಕಲ್ಲನ್ನೂ ಕಂಡೆ. ಕಿಟಕಿಯ ಆಚೆ ನಿಂತು ಅವಲಕ್ಕಿಯ ಬಗ್ಗೆ, ಇಲೆಕ್ಷನ್ ಗಲಾಟೆಯ ಬಗ್ಗೆ ಏನೇನೋ ಮಾತಾಡಿದೆ. ನನ್ನ ಬೆನ್ನ ಹಿಂದೆ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ಅರಳೆ ತುಂಬಿ ತಂದಿದ್ದೆ, ನೀನು ಕಲ್ಲು ಕೊಡಲಿಕ್ಕೇ ಕರೆದಿದ್ದೀ ಎಂದುಕೊಂಡು.

ಅಟ್ಟದ ಕಲ್ಲು ಯಾರನ್ನು ಕಾಯುತ್ತಿದೆ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಹರಿದು ಹಾಕು. ನಾನಿನ್ನು ಕಲ್ಲು ಕೇಳುವುದಿಲ್ಲ. ನೀನು ನಿಶ್ಚಿಂತೆಯಿಂದ ಇರು, ಚೆನ್ನಾಗಿ ಉಣ್ಣು.

ದಿಬ್ಬವನ್ನು ಮಾತ್ರ ಬಿಡುವುದಿಲ್ಲ. ಪ್ರತಿ ಭಾನುವಾರ ಆ ಲೈನಿಗೆ ಹೋಗಿ ಒಂದೊಂದೇ ದಿಬ್ಬ ಹತ್ತುತ್ತೇನೆ. ಸರ್ ಕಳಿಸದಿದ್ದರೆ ನನ್ನ ಕಾಲುಗಳೇ ಇವೆ.

ವೈದೇಹಿ


ನಾನಪುರಾ, ಸೂರತ್
೨೭ ಫೆಬ್ರವರಿ ೧೯೬೭

ಚಿ. ವೈದೇಹಿಗೆ ಆಶೀರ್ವಾದ.

ನನ್ನ ಮೇಲೆ ಕನಿಕರ ಪಡು ಎಂದು ನಿನಗೆ ಯಾರು ಹೇಳಿದರು? ಪ್ಲಾಟ್‌ಫಾರ್ಮಿನಲ್ಲಿ ನೀನು ಕಲ್ಲಿನ ಮಾತೇ ಎತ್ತದಿದ್ದಾಗ ಸಿಟ್ಟಾಗಿದ್ದೀ ಎಂದುಕೊಂಡೆ. ಸೂರತ್ತಿನವರೆಗೂ ಮನಸ್ಸು ಕೆಟ್ಟಿತ್ತು. ನೀನು ಕೇಳಿದ್ದರೆ ಜಗಳವಾಡಬೇಕೆಂದು ಮಾತು ಜೋಡಿಸಿಕೊಂಡು ಬಂದಿದ್ದೆ, ಎಲ್ಲ ದಂಡವಾಯಿತು.

ಇದು ಏಳನೆಯ ತಿಂಗಳು. ದೀಪಾವಳಿಗೆ ನೀನು ಬಂದಾಗಲೇ ಇತ್ತು. ಯಾರ ಮುಂದೆಯೂ ಬಾಯಿ ಬಿಡಬಾರದು ಎಂದು ಅವ್ವನ ಕೈಯಲ್ಲಿ ಆಣೆ ಮಾಡಿಸಿಕೊಂಡಿದ್ದೆ. ಹೇಳಿಕೊಂಡು ತಿರುಗಿದ್ದು ಉಳಿಯಲಿಲ್ಲವಲ್ಲ, ಅದಕ್ಕೆ.

ಮತ್ತೆ, ಅತ್ತೆಯವರಿಗೆ ಕೆಟ್ಟ ಹೆಸರು ಬೇಡ. ನಿನ್ನ ಮೊದಲನೆಯ ಪತ್ರ ಓದಿ ಹೇಳಿದ ದಿನವೇ ಅವರು "ಹುಡುಗಿ ಅಷ್ಟ ಆಸೆಪಟ್ಟು ಕೇಳ್ಯಾಳ, ಕೊಟ್ಟಬಿಡು. ಕಲ್ಲಿಗೇನು ಬರ ಬಂದದ?" ಎಂದರು. ಒಲ್ಲೆ ಎಂದವಳು ನಾನು. ಅತ್ತೆಯ ಹೆಸರು ಹೇಳಿದರೆ ತಂಗಿಯ ಜೊತೆ ವಾದ ಉಳಿಯುತ್ತದೆ ಎಂದು ಹಾಗೆ ಬರೆದೆ.

ದಿಬ್ಬವೂ ನೆನಪಿದೆ. ಆಗ ಇವರಿದ್ದ ಸ್ಟೇಶನ್ನಿನಿಂದ ಗೋಧ್ರಾ ಕಡೆಗೆ ಹಳಿಯ ಗುಂಟ ನಡೆದರೆ ಗೇಟಿನ ಆಚೆ ಒಂದು ಹಾಳು ಬಾವಿ ಸಿಗುತ್ತದೆ. ಅದರ ಹಿಂದಿನ ಬೋಳು ದಿಬ್ಬ. ನೆತ್ತಿಗೆ ಹತ್ತಬೇಡ, ಬಾವಿಯ ಕಡೆಯ ಮಗ್ಗುಲು ನೋಡು. ಅಲ್ಲಿ ಇದೊಂದೇ ಇರಲಿಲ್ಲ ವೈದೇಹಿ. ಬುಟ್ಟಿಯಲ್ಲಿಟ್ಟ ಉಂಡೆಗಳ ಹಾಗೆ ಇನ್ನೂ ಕೆಲವು, ಅರ್ಧ ಹೂತು, ಒತ್ತೊತ್ತಾಗಿ ಮಲಗಿದ್ದವು. ಕೈಗೆ ಹಿಡಿಸಿದ್ದನ್ನು ಮಾತ್ರ ತಂದೆ. ಜಾಗ ಹೇಳಿದರೆ ಅಷ್ಟಕ್ಕೇ ಬಿಡುವವಳಲ್ಲ ನೀನು, ಇದನ್ನೂ ಕೇಳುತ್ತೀ ಎಂದು ಸುಮ್ಮನಿದ್ದೆ.

ಹೋಗು. ಹೋಳಿಗೆ ಇನ್ನೂ ಸಮಯವಿದೆ. ನನ್ನದನ್ನು ನನಗೆ ಬಿಟ್ಟು ಅದರ ಒಡಹುಟ್ಟಿದವನ್ನು ತಂದು ಎಷ್ಟು ಬೇಕೋ ಅಷ್ಟು ಕೊಯ್ಯಿ.

ಇಂದಿರಾ


ಬರೋಡಾ
೧೩ ಮಾರ್ಚ್ ೧೯೬೭

ಅಕ್ಕ,

ನಿನ್ನೆ ಹೋಗಿದ್ದೆ. ಗೇಟು ಸಿಕ್ಕಿತು, ಬಾವಿ ಸಿಕ್ಕಿತು. ಬಾವಿಯ ಹಿಂದೆ ದಿಬ್ಬ ಇಲ್ಲ. ದೊಡ್ಡ ಬಿಳಿಯ ಹೊಂಡ ಇದೆ. ಹೋಳಿಗೆ ಕಾಯದೆ ಕಳೆದ ತಿಂಗಳ ಕೊನೆಗೇ ಸಿಡಿಸಿದ್ದಾರೆ. ಗುಂಡು ಕಲ್ಲುಗಳು ಇದ್ದವೇ ಎಂದು ಅಲ್ಲಿನ ಕೂಲಿಗಳ ಮುಕಾದಮನನ್ನು ಕೇಳಿದೆ. "ಎ ಬಧಾ ಕ್ರಶರ್‌ಮಾಂ ಗಯಾ, ಬೇನ್" ಎಂದ. ಎಲ್ಲ ಪುಡಿಯಾಗಿ ಗಾಡಿ ಹತ್ತಿವೆ. ನನ್ನ ಮುಖ ನೋಡಿ, ಪಾಪ, ಚಹಾ ತರಿಸಿದ. ಆ ಹೊಂಡದ ಅಂಚಿನಲ್ಲಿ ಕೂತು ಚಹಾ ಕುಡಿಯುತ್ತ ಅತ್ತುಬಿಟ್ಟೆ. ಕಣ್ಣಿಗೆ ಧೂಳು ಬಿದ್ದಿದೆ ಎಂದು ಅವನಿಗೆ ಹೇಳಿದೆ.

ನಿನ್ನ ಮೇಲೆ ಸಿಟ್ಟು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಡಿಸೆಂಬರಿನಲ್ಲೇ ಹೇಳಿದ್ದರೆ ಎಂದು ದಾರಿಯುದ್ದಕ್ಕೂ ಜಗಳವಾಡಿದೆ, ನೀನು ಇಲ್ಲದೆ. ಮನೆ ತಲುಪುವ ಹೊತ್ತಿಗೆ ಸಿಟ್ಟು ಇಳಿದಿತ್ತು. ನಾನೂ ಗರಗಸದ ಮಾತನ್ನು ಮೊದಲ ಪತ್ರದಲ್ಲಿ ನುಂಗಿದವಳೇ.

ಪಟ್ಟಾಭಿರಾಮ ಸರ್‌ಗೆ ಹೇಳಿದೆ. ಹಾಗಾದರೆ ಮುಗಿಯಿತು, ಚಕ್ಕೆಯನ್ನು ಪೊಟ್ಟಣ ಕಟ್ಟಿ ಎತ್ತಿಡು ಎಂದರು.

ಇದನ್ನು ಬರೆದದ್ದು ಕಲ್ಲು ಕೇಳುವುದಕ್ಕಲ್ಲ. ಆ ಬುಟ್ಟಿಯಲ್ಲಿ ಉಳಿದದ್ದು ನಿನ್ನದೊಂದೇ, ಅದು ನಿನಗೆ ತಿಳಿದಿರಬೇಕು. ಅದನ್ನು ಕೂಸಿಗೇ ಇಡು, ನಾನು ಕೊಯ್ಯುವುದಿಲ್ಲ. ಆ ಲೈನಿನಲ್ಲಿ ಇನ್ನೂ ಎರಡು ದಿಬ್ಬಗಳನ್ನು ಮುಟ್ಟಿಲ್ಲ. ಮಳೆ ಬರುವುದರೊಳಗೆ ಅವನ್ನು ಹತ್ತುತ್ತೇನೆ.

ವೈದೇಹಿ


ಸೂರತ್
೮ ಮೇ ೧೯೬೭

ಚಿ. ವೈದೇಹಿಗೆ ಆಶೀರ್ವಾದ.

ಗಂಡು ಕೂಸು ಎಂದು ಕೇಶವಣ್ಣ ತಾರು ಕೊಟ್ಟದ್ದು ಮುಟ್ಟಿದೆಯಲ್ಲ. ಎಂಟನೆಯ ದಿನ ನಾನು ಅದನ್ನು ಕೆಳಗಿಡಲಿಲ್ಲ. ಅವ್ವ ಬೈದಳು, ಆದರೂ ಇಡಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಅದು ನನ್ನ ಮೂಗು ಹಿಡಿದು ಜಗ್ಗಿತು. ಆಗ ಅತ್ತುಬಿಟ್ಟೆ.

ನಿನ್ನೆ ತೊಟ್ಟಿಲಿಗೆ ಹಾಕಿದೆವು. ಅಚ್ಯುತ ಎಂದು ಹೆಸರು. ಮ್ಯೂಸಿಯಂನಲ್ಲಿ ರಜೆ ಸಿಗಲಿಲ್ಲ ಎಂದು ನೀನು ಬರೆದದ್ದನ್ನು ನಾನು ನಂಬಿಲ್ಲ. ಕಲ್ಲಿನ ಎದುರು ನಿಲ್ಲಲಾರದೆ ಬರಲಿಲ್ಲ ನೀನು.

ಕೇಶವಣ್ಣನ ಬ್ಯಾಂಕಿನವರ ಹೆಂಡಂದಿರು, ಪಕ್ಕದ ಮನೆಯ ಗುಜರಾತಿಯವರು ಎಲ್ಲ ಸೇರಿದ್ದರು. ಅವ್ವ ಗುಂಡಪ್ಪನಿಗೆ ಅರಿಸಿನ ಬಳಿದು, ಜರಿಯ ಕುಲಾವಿ ತೊಡಿಸಿ ತೊಟ್ಟಿಲ ಕೆಳಗಿಂದ ಸುಮತಿ ಅತ್ತಿಗೆಗೆ ದಾಟಿಸಿದಳು. ಅತ್ತಿಗೆ ಅದನ್ನು ಮಲಗಿಸಿದಳು. ಆಮೇಲೆ ಮಗ್ಗುಲಲ್ಲಿ ಅಚ್ಯುತನನ್ನು ಹಾಕಿದರೆ ಓಣಿ ಹಾರಿಹೋಗುವ ಹಾಗೆ ಅಳು. ನಳಿನಿ ತೊಟ್ಟಿಲಿಗೆ ಮುಖ ಹಚ್ಚಿ ಇಬ್ಬರನ್ನೂ ನೋಡಿದಳು. ನೋಡಿ ಕೇಳಿದಳು: "ಆ ಭಾಯ್ ಕೇಮ್ ರಡ್‌ತೋ ನಥಿ?" ಈ ಅಣ್ಣ ಯಾಕೆ ಅಳುವುದಿಲ್ಲ ಎಂದು.

ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅದೂ ಯಾವುದೋ ತಾಯಿ ಇಟ್ಟದ್ದೇ ಅಲ್ಲವೇ ವೈದೇಹಿ, ಎಷ್ಟೇ ದೊಡ್ಡ ದೈತ್ಯೆಯಾಗಿದ್ದರೂ. ಚಿಪ್ಪು ಒಡೆಯಲಿಲ್ಲ, ಅಳಲಿಲ್ಲ. ಅದರ ಜೊತೆಯವು ಸಿಮೆಂಟಾದವು. ನಾನು ಅದಕ್ಕೆ ಎರಡು ಸಲ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದೆ, ಎರಡು ಸಲವೂ ಹೆಸರನ್ನು ಮಗ್ಗುಲ ಕೂಸಿಗೆ ಇಟ್ಟೆ. ನನ್ನ ಮೊದಲನೆಯದು ಹೆಸರಿಲ್ಲದೆ ಹೋಯಿತು. ಈಗಲೂ ಅದನ್ನು ನೆನೆದರೆ ಏನೆಂದು ಕರೆಯಬೇಕು ಗೊತ್ತಾಗುವುದಿಲ್ಲ. ಇನ್ನೊಂದು ಹಾಗೆ ನನ್ನ ಅಟ್ಟದ ಮೇಲೆ ಕೂರುವುದು ಬೇಡ.

ನಿಮ್ಮ ಮ್ಯೂಸಿಯಂನಲ್ಲಿ ಹೆಸರು ಇಡುತ್ತಾರಲ್ಲ, ಪ್ರತಿಯೊಂದಕ್ಕೂ? ಹೆಸರು ಹುಡುಕಲು ಕೊಯ್ಯಲೇಬೇಕು ಎಂದರೆ ಕೊಯ್ಯಿ. ಕೇಶವಣ್ಣ ನಾಳೆ ಬೆಳಗಿನ ಗಾಡಿಗೆ ತರುತ್ತಾನೆ. ಇದು ಅಕ್ಕನ ಕನಿಕರ ಅಲ್ಲ, ಅಪ್ಪಣೆ. ಬೇರೆಯವರ ಕೈಗೆ ಕೊಡಬೇಡ, ನೀನೇ ಕೊಯ್ಯಿ. ಒಂದು ಹೋಳು ನನಗೆ ಕಳಿಸು.

ಇಂದಿರಾ


ಬರೋಡಾ
೨೮ ಮೇ ೧೯೬೭

ಅಕ್ಕ,

ಕೊಯ್ದೆ. ನಾನೇ ಕೊಯ್ದೆ. ಎರಡು ವಾರ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ನಿನ್ನ ಪತ್ರದ ಅಪ್ಪಣೆ ಎಂಬ ಮಾತನ್ನು ಮತ್ತೆ ಓದಿಕೊಂಡು ಎದ್ದೆ. ಗರಗಸಕ್ಕೆ ನೀರು ಬಿಟ್ಟಾಗ ಮೊದಲು ಹಳದಿ ನೀರು ಹರಿಯಿತು. ಅವ್ವ ಬಳಿದ ಅರಿಸಿನ. ಸ್ವಲ್ಪ ಹೊತ್ತು ಗರಗಸ ನಿಲ್ಲಿಸಿದೆ.

ಚಿಪ್ಪು ಸುತ್ತಲೂ ಇದೆ ಅಕ್ಕ. ಮೆಟ್ಟಿಲಿಗೆ ಬಿದ್ದು ಚಕ್ಕೆ ಎದ್ದ ಕಡೆ ಬಿಟ್ಟರೆ ಎಲ್ಲಿಯೂ ತಪ್ಪಿಲ್ಲ. ಒಳಗೆ ಎಲುಬು ಇಲ್ಲ, ಬಿಳಿಯ ಹರಳು ತುಂಬಿಕೊಂಡಿದೆ. ಪಟ್ಟಾಭಿರಾಮ ಸರ್ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ನನಗೂ ಮೊಟ್ಟೆ ಎಂದೇ ಅನ್ನಿಸುತ್ತದೆ, ಆದರೆ ಇದು ಒಂದೇ, ಸಿಕ್ಕ ಜಾಗವೂ ಈಗಿಲ್ಲ, ಯಾವ ಪ್ರಾಣಿಯದೆಂದು ಹೇಗೆ ಹೇಳುವುದು ಎಂದರು. ಚೀಟಿಯಲ್ಲಿ ಮೊಟ್ಟೆ ಎಂದು ಬರೆಸಿ ಮುಂದೆ ಪ್ರಶ್ನೆಚಿಹ್ನೆ ಹಾಕಿಸಿದರು. ಹೆಸರಿನ ಜಾಗ ಖಾಲಿ ಬಿಡು ಎಂದರು.

ನಾನು ಬಿಡಲಿಲ್ಲ. ಪೆನ್ಸಿಲಿನಲ್ಲಿ ಕನ್ನಡದಲ್ಲಿ ಗುಂಡಪ್ಪ ಎಂದು ಬರೆದೆ. ಏನಿದು ಎಂದು ಕೇಳಿದರು. ಮನೆಯಲ್ಲಿ ಕರೆಯುವ ಹೆಸರು ಸರ್ ಎಂದೆ. ಅಳಿಸಲು ರಬ್ಬರ್ ಎತ್ತಿಕೊಂಡವರು ನನ್ನನ್ನು ನೋಡಿ ಹಾಗೆಯೇ ಕೆಳಗಿಟ್ಟರು.

ಮಳೆಗಾಲ ಮುಗಿದ ಮೇಲೆ ಆ ಎರಡು ದಿಬ್ಬಗಳಿಗೆ ಜನ ಕಳಿಸುತ್ತಾರಂತೆ. ಈ ಸಲ ನನ್ನ ಹೆಸರೂ ಅದರಲ್ಲಿದೆ. ನಿನ್ನ ಹೋಳನ್ನು ಅರಳೆಯಲ್ಲಿ ಸುತ್ತಿ ಕಳಿಸಿದ್ದೇನೆ.

ವೈದೇಹಿ


ಸೂರತ್
೫ ಜೂನ್ ೧೯೬೭

ಚಿ. ವೈದೇಹಿಗೆ ಆಶೀರ್ವಾದ.

ಹೋಳು ಮುಟ್ಟಿತು. ತೊಟ್ಟಿಲಲ್ಲಿ ಅಚ್ಯುತನ ಕಾಲ ಬಳಿ ಇಟ್ಟಿದ್ದೇನೆ. ಮೊದಲಿನ ಹಾಗೆ ಉರುಳುವುದಿಲ್ಲ, ನೆಟ್ಟಗೆ ಕೂರುತ್ತದೆ. ಅವನು ಒದೆಯುತ್ತಾನೆ, ಅದು ಒದೆಸಿಕೊಳ್ಳುತ್ತದೆ. ನಳಿನಿಗೆ ಒಳಗಿನ ಬಿಳಿ ಹರಳು ತೋರಿಸಿದೆ. ಭಾಯ್ ಒಳಗೆ ಸಕ್ಕರೆ ಇದೆ ಎಂದು ನೆಕ್ಕಿ ನೋಡಿದ್ದಾಳೆ.

ಆ ಪ್ರಶ್ನೆಚಿಹ್ನೆ ನನಗೆ ಹಿಡಿಸಲಿಲ್ಲ. ಒಂದೇ ಸಾಲದು ಎನ್ನುವುದಾದರೆ ಇನ್ನೊಂದು ಹುಡುಕಿದರಾಯಿತು. ನವರಾತ್ರಿ ಕಳೆಯುವ ಹೊತ್ತಿಗೆ ಅಚ್ಯುತ ಅನ್ನ ಉಣ್ಣುವಂತಾಗಿರುತ್ತಾನೆ, ಅತ್ತೆಯವರು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ನಿಮ್ಮ ಜನರ ಜೊತೆ ನಾನೂ ಬರುತ್ತೇನೆ. ಹೆಂಗಸರು ಹೇಗೆ ಎಂದು ನಿಮ್ಮ ಸರ್ ಕೇಳಿದರೆ, ಮೊದಲನೆಯದನ್ನು ಅಲ್ಲಿಂದ ತಂದವರು ಯಾರು ಎಂದು ಕೇಳು. ಆ ಮಗ್ಗುಲು ಹೇಗಿತ್ತು, ಕಲ್ಲು ಹೇಗೆ ಕೂತಿತ್ತು ಎಂದು ನೋಡಿದವಳು ಈಗ ನಾನೊಬ್ಬಳೇ.

ಆ ಅರಳೆಯ ಪೆಟ್ಟಿಗೆಯನ್ನು ಮರೆಯದೆ ತಾ. ಈ ಸಲ ಬೆನ್ನ ಹಿಂದೆ ಮುಚ್ಚಿಡಬೇಡ.

ಇಂದಿರಾ